ಮಿಂಚವ್ವನಿಗೆ ಗ್ರೇಸ್ ಮಾರ್ಕ್ಸ್ ಇಲ್ಲ

ಜನವರಿ 11, ಭಾನುವಾರ

ಈ ಡೈರಿಯನ್ನು ಯಾರೋ ನಮ್ಮ ಯಜಮಾನರಿಗೆ ಕೊಟ್ಟರು. ಅವರು ಬರೆಯುವವರಲ್ಲ, ನಾನು ಸುಮ್ಮನೆ ಕೂರುವವಳಲ್ಲ. ಹಾಗಾಗಿ ನನ್ನ ಪಾಲಿಗೆ ಬಂತು.

ಮೊದಲು ಮುಖ್ಯ ವಿಷಯ. ಬಲ ಮೊಣಕಾಲಿನ ಕೀಲು ಬದಲಿಸಲು ಫೆಬ್ರವರಿ 5ಕ್ಕೆ ದಿನ ಗೊತ್ತಾಗಿದೆ. ನನಗೇನೂ ಭಯವಿಲ್ಲ. ಜಯನಗರ ಒಂಬತ್ತನೇ ಬ್ಲಾಕಿನ ಈ ಮಹಡಿ ಮನೆಗೆ ಹದಿನೆಂಟು ಮೆಟ್ಟಿಲು. ದೀಪಾವಳಿಯಿಂದ ಈಚೆಗೆ ನಾಲ್ಕೇ ಸಲ ಇಳಿದಿದ್ದೇನೆ, ಅದರಲ್ಲಿ ಮೂರು ಸಲ ಡಾಕ್ಟರ ಹತ್ತಿರ ಹೋಗಲು.

ಎರಡನೆಯದು, ನಮ್ಮ ನಡುಮನೆಯಲ್ಲಿ ನಡೆದ ಅಕ್ರಮ. ಮಗಳು ಲಿಖಿತಾಳ ಭಾನುವಾರದ ಆಟ ಇಷ್ಟು ದಿನ ಜೆ.ಪಿ. ನಗರದ ಗೆಳತಿಯೊಬ್ಬಳ ಮನೆಯಲ್ಲಿ ನಡೆಯುತ್ತಿತ್ತು. ಗೆಳತಿ ಮದುವೆಯಾಗಿ ದಾವಣಗೆರೆಗೆ ಹೋದಳು, ಆಟ ನಮ್ಮ ಊಟದ ಮೇಜಿಗೆ ಬಂತು. ಬೋರ್ಡಿಲ್ಲ, ಕಾಯಿಗಳಿಲ್ಲ. ಲಿಖಿತಾ ಕಥೆ ಹೇಳುತ್ತಾಳೆ: ರಾಕ್ಷಸರು, ಕೋಟೆ, ಸುರಂಗ. ಉಳಿದವರು ಕಥೆಯೊಳಗಿನ ಒಂದೊಂದು ಪಾತ್ರವಾಗಿ ‘ನಾನು ಹೀಗೆ ಮಾಡ್ತೀನಿ’ ಎನ್ನುತ್ತಾರೆ. ಮಾಡಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ, ದೊಡ್ಡ ಅಂಕಿ ಬಿದ್ದರೆ ಫಲಿಸಿದಂತೆ. ಬಂದವರು ಇಬ್ಬರು. ವಸಂತಪುರದ ಶಿವಕಿರಣ್, ಟೈಲ್ಸ್ ಅಂಗಡಿಯಲ್ಲಿ ಕೆಲಸ, ಆರಡಿ ಆಳು, ಎರಡು ತಟ್ಟೆ ಉಪ್ಪಿಟ್ಟು. ಬಿ.ಟಿ.ಎಂ.ನ ಸಮನ್ವಿತಾ, ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು, ಮಾತು ಕಡಿಮೆ, ನಗು ಜಾಸ್ತಿ.

ಶಿವಕಿರಣನ ಪಾತ್ರ ಭೈರ ಎಂಬ ವೀರ. ನಾಲ್ಕು ವರ್ಷದಿಂದ ಅದನ್ನೇ ಆಡುತ್ತಿದ್ದಾನಂತೆ. ಇವತ್ತು ಭೈರನ ಜೀವ ಎರಡೇ ಅಂಕಕ್ಕೆ ಇಳಿದಿತ್ತು. ರಾಕ್ಷಸ ಗದೆ ಎತ್ತಿದ. ಲಿಖಿತಾ ಮುಂದೊಂದು ರಟ್ಟಿನ ಪರದೆ ಇಟ್ಟುಕೊಂಡು, ಅದರ ಹಿಂದೆ ದಾಳ ಹಾಕಿ, ‘ಅಯ್ಯೋ, ತಪ್ಪಿಹೋಯ್ತು! ಗದೆ ಹೋಗಿ ಕಂಬಕ್ಕೆ ಬಿತ್ತು’ ಎಂದಳು. ಇಬ್ಬರೂ ಚಪ್ಪಾಳೆ ತಟ್ಟಿದರು. ಅವಳ ಬೆನ್ನ ಹಿಂದೆ ನನ್ನ ಶಾಲೆಯ ಫಲಕಗಳಿರುವ ಶೋಕೇಸು. ಸೋಫಾದಲ್ಲಿದ್ದ ನನಗೆ ಅದರ ಗಾಜಿನಲ್ಲಿ ದಾಳ ಕಾಣುತ್ತಿತ್ತು. ಅಂಕಿ ತಿರುಗುಮುರುಗಾದರೇನಂತೆ, ಮಕ್ಕಳ ನೋಟ್ಸನ್ನು ಎದುರಿನಿಂದ ತಲೆಕೆಳಗಾಗಿ ಓದಿ ಬದುಕಿದವಳು ನಾನು. ಹತ್ತೊಂಬತ್ತು ಬಿದ್ದಿತ್ತು! ಭೈರ ಅಲ್ಲೇ ಜಜ್ಜಿಹೋಗಬೇಕಿತ್ತು.

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದ್ದೇನೆ. ಇಪ್ಪತ್ತೆರಡು ಬೇಸಿಗೆ ಎಸೆಸೆಲ್ಸಿ ಪೇಪರ್ ತಿದ್ದಿದ್ದೇನೆ. ಮೂವತ್ನಾಲ್ಕು ಎಂದರೆ ಮೂವತ್ನಾಲ್ಕೇ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನ ಮನೆಯಲ್ಲೇ ಕೂತು ಗ್ರೇಸ್ ಮಾರ್ಕ್ಸ್ ಹಂಚುತ್ತಿದ್ದಾಳೆ.

ಜನವರಿ 15, ಗುರುವಾರ

ಸಂಕ್ರಾಂತಿ. ಎಳ್ಳು ಬೀರಲು ಕೆಳಗಿಳಿಯಲಾಗಲಿಲ್ಲ, ಬೀದಿಯೇ ಮೇಲೆ ಬಂತು. ಎಲ್ಲರೂ ಮೊಣಕಾಲು ನೋಡಿ ತಮಗೆ ಗೊತ್ತಿದ್ದ ಒಂದೊಂದು ಆಪರೇಷನ್ನಿನ ಕಥೆ ಹೇಳಿ ಹೋದರು. ಒಂದೂ ಕೇಳುವಂತಿರಲಿಲ್ಲ.

ಕೊಬ್ಬರಿ ಹೆಚ್ಚುತ್ತಾ ಲಿಖಿತಾಳನ್ನು ತರಾಟೆಗೆ ತೆಗೆದುಕೊಂಡೆ.

‘ಅಮ್ಮಾ, ಭೈರ ಸತ್ರೆ ನಾಲ್ಕು ವರ್ಷದ ಕಥೆ ಅಲ್ಲಿಗೇ ಹೋಯ್ತು. ವಾರ ಪೂರ್ತಿ ದುಡಿದು ಭಾನುವಾರ ಇಲ್ಲಿಗೆ ಬರೋದು ಸಾಯೋಕಲ್ಲ.’

‘ಸಾಯಲ್ಲ ಅಂತ ಗೊತ್ತಿದ್ರೆ ಅದು ಯುದ್ಧ ಹೇಗಾಗತ್ತೆ? ಎಲ್ರೂ ಪಾಸು ಅಂದ್ಮೇಲೆ ಪರೀಕ್ಷೆ ಯಾಕಿಡ್ಬೇಕು?’

‘ಇದು ಪರೀಕ್ಷೆ ಅಲ್ಲಮ್ಮ, ಆಟ.’

‘ಮತ್ತೆ ದಾಳ ಯಾಕೆ ಹಾಕ್ತೀಯ? ಬಾಯಲ್ಲೇ ಹೇಳ್ಬಿಡು.’

ಕಬ್ಬು ಸಿಗಿಯುತ್ತಿದ್ದ ಯಜಮಾನರು ನಡುವೆ ಬಾಯಿ ಹಾಕಿದರು. ‘ಚೂಡಾಮಣಿ, ನೀನೂ ಆಡು. ಹೊರಗೆ ಕೂತು ಎಲ್ರಿಗೂ ಸೊನ್ನೆ ಕೊಡೋದು ಸುಲಭ.’ ನನ್ನ ಹೆಸರು ಹಿಡಿದು ಕರೆದರೆಂದರೆ ಅದು ಸವಾಲು. ಒಪ್ಪಿಕೊಂಡೆ.

ಜನವರಿ 18, ಭಾನುವಾರ

ಆಡಿದೆ. ಎರಡು ಷರತ್ತು ಹಾಕಿದೆ. ಪರದೆ ಇರಬಾರದು. ದಾಳವನ್ನು ಎಲ್ಲರಿಗೂ ಕಾಣುವಂತೆ ನಮ್ಮ ದೊಡ್ಡ ಸ್ಟೀಲ್ ತಟ್ಟೆಯಲ್ಲಿ ಹಾಕಬೇಕು.

‘ಸಖತ್ ಮೇಡಂ!’ ಎಂದ ಶಿವಕಿರಣ್. ಹೋದ ವಾರ ಆಂಟಿಯಾಗಿದ್ದವಳು ಷರತ್ತು ಕೇಳಿದೊಡನೆ ಮೇಡಂ ಆದೆ. ‘ನಂಗೂ ಡೌಟಿತ್ತು, ಈ ಭೈರ ಯಾಕೆ ಸಾಯ್ತಾನೇ ಇಲ್ಲ ಅಂತ.’ ಲಿಖಿತಾ ಕೆಂಪಗಾದಳು.

ನನ್ನ ಪಾತ್ರದ ಹೆಸರು ಮಿಂಚವ್ವ. ಕಳ್ಳಿ. ಎಂಥ ಗೋಡೆಯನ್ನಾದರೂ ಬರಿಗೈಯಲ್ಲಿ ಹತ್ತುತ್ತಾಳೆ, ಮಾಡಿನಿಂದ ಮಾಡಿಗೆ ಹಾರುತ್ತಾಳೆ. ಬೇರೆ ಪಾತ್ರಗಳೂ ಇದ್ದವು, ಮಂತ್ರ ಹಾಕುವವರು, ಕೂತು ಓದುವವರು. ಇದನ್ನೇ ಆರಿಸಿದ್ದಕ್ಕೆ ವಿಶೇಷ ಕಾರಣವೇನಿಲ್ಲ.

ಇವತ್ತು ಯುದ್ಧವಿರಲಿಲ್ಲ. ಹಳ್ಳಿಯೊಂದನ್ನು ತೋಳಗಳಿಂದ ಕಾಪಾಡಿದ್ದಕ್ಕೆ ಅಲ್ಲಿಯ ಅಜ್ಜಿ ಭೈರನಿಗೆ ತಾಮ್ರದ ಕಡಗ ಕೊಟ್ಟಳು. ಶಿವಕಿರಣ್ ಅದನ್ನು ಭೈರನ ಅಂಕಗಳನ್ನೆಲ್ಲ ಗುರುತು ಹಾಕಿಟ್ಟ ತನ್ನ ಹಾಳೆಯಲ್ಲಿ ಸಣ್ಣದಾಗಿ ಬರೆದುಕೊಂಡ. ನಾನು ಮೂರು ಗೋಡೆ ಹತ್ತಿದೆ. ಮಜಾ ಬಂತು, ಸುಳ್ಳು ಯಾಕೆ ಹೇಳಲಿ.

ಜನವರಿ 25, ಭಾನುವಾರ

ಭೈರ ಸತ್ತ.

ಕೋಟೆಯ ಬಾಗಿಲಲ್ಲಿ ಎರಡು ತಲೆಯ ರಾಕ್ಷಸ ಅಡ್ಡ ಬಂದ. ನಿಯಮ ಇಷ್ಟೇ: ಹೊಡೆಯುವವನ ದಾಳ ಮತ್ತು ಬಲ ಸೇರಿ, ತಡೆಯುವವನ ರಕ್ಷಣೆಯ ಅಂಕ ಮುಟ್ಟಿದರೆ ಏಟು ಬಿದ್ದಂತೆ. ಭೈರನ ರಕ್ಷಣೆ ಹದಿನೇಳು, ಉಳಿದಿದ್ದ ಜೀವ ಒಂದೇ ಏಟಿನಷ್ಟು. ದಾಳ ಹದಿಮೂರು ಬಿತ್ತು, ಬಲ ನಾಲ್ಕು. ಹದಿನೇಳಕ್ಕೆ ಹದಿನೇಳು. ಲಿಖಿತಾ ನನ್ನ ಮುಖ ನೋಡಿದಳು. ‘ಕೂಡಿಸು’ ಎಂದೆ. ಕೂಡಿಸಿದಳು. ರಾಕ್ಷಸ ಭೈರನನ್ನು ಬಂಡೆಯ ಕೆಳಗೆ ಹಾಕಿ ಮುಚ್ಚಿಬಿಟ್ಟ.

ಸಾಯುವವನಿಗೆ ಒಂದು ಮಾತಿನ ಅವಕಾಶವಿದೆಯಂತೆ. ಶಿವಕಿರಣ್ ‘ಬರ್ತೀನಿ’ ಎಂದ. ಎಲ್ಲರೂ ನಕ್ಕೆವು, ಅವನೂ ನಕ್ಕ. ಆಮೇಲೆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. ಉಪ್ಪಿಟ್ಟು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ.

ನ್ಯಾಯವಾಗಿ ನಡೆಯಿತು.

ಜನವರಿ 28, ಬುಧವಾರ

ನಾಲ್ಕನೇ ಬ್ಲಾಕಿಗೆ ಹೋಗಿ ಅರಿವಳಿಕೆ ಡಾಕ್ಟರನ್ನು ಕಂಡು ಬಂದೆವು. ಹೆಸರು ವಸಿಷ್ಠ. ಋಷಿಯ ಹೆಸರಿಟ್ಟುಕೊಂಡು ಚ್ಯೂಯಿಂಗ್ ಗಮ್ ಅಗಿಯುತ್ತಾರೆ. ಅಪಾಯ ಎಷ್ಟು ಎಂದು ಕೇಳಿದೆ.

‘ತುಂಬಾ ಕಮ್ಮಿ ಆಂಟಿ, ತಲೆ ಕೆಡಿಸ್ಕೋಬೇಡಿ.’

‘ತುಂಬಾ ಕಮ್ಮಿ ಅನ್ನೋದು ಸಂಖ್ಯೆ ಅಲ್ಲ ಡಾಕ್ಟ್ರೇ.’

‘ಸರಿ, ಎಷ್ಟೋ ಸಾವಿರಕ್ಕೆ ಒಂದು ಅಂತ ಇಟ್ಕೊಳ್ಳಿ.’

ಮನೆಗೆ ಬಂದು ಲೆಕ್ಕ ಹಾಕಿದೆ. ಇಪ್ಪತ್ತು ಮುಖದ ದಾಳದಲ್ಲಿ ಸತತ ಮೂರು ಸಲ ‘ಒಂದು’ ಬೀಳುವ ಸಾಧ್ಯತೆ ಎಂಟು ಸಾವಿರಕ್ಕೆ ಒಂದು. ಹೆಚ್ಚು ಕಡಿಮೆ ಅಷ್ಟೇ ಇರಬಹುದು. ಸುಮ್ಮನೆ ಕುತೂಹಲಕ್ಕೆ ಹಾಕಿ ನೋಡಿದೆ. ನೂರಾ ನಲವತ್ತು ಸಲ ಹಾಕಿದೆ. ಒಮ್ಮೆ ಸತತ ಎರಡು ಸಲ ‘ಒಂದು’ ಬಿತ್ತು, ಅಲ್ಲಿಗೆ ನಿಲ್ಲಿಸಿದೆ.

ಫೆಬ್ರವರಿ 5 ಬೇಡ, 19ಕ್ಕೆ ಇಡಿ ಎಂದು ಆಸ್ಪತ್ರೆಗೆ ಫೋನ್ ಮಾಡಿದೆ. 15ಕ್ಕೆ ಶಿವರಾತ್ರಿ. ಉಪವಾಸ ತಪ್ಪಿಸಬಾರದಲ್ಲ.

ಫೆಬ್ರವರಿ 1, ಭಾನುವಾರ

ಶಿವಕಿರಣ್ ಬರಲಿಲ್ಲ. ಹೊಸ ಪಾತ್ರ ಮಾಡಿಕೋ ಎಂದು ಲಿಖಿತಾ ಮೆಸೇಜ್ ಹಾಕಿದಳಂತೆ, ‘ನೋಡೋಣ’ ಎಂದನಂತೆ. ಮೂವರೇ ಕೂತು ಆಡಿದೆವು. ವೀರನಿಲ್ಲದ ಪಡೆಗೆ ಬಾಗಿಲು ಒಡೆಯಲೂ ಆಗಲಿಲ್ಲ.

‘ಆ ಹುಡುಗನಿಗೆ ಒಂದು ಮಾರ್ಕ್ ಬಿಟ್ಟಿದ್ರೆ ನಿನ್ನ ಪೆನ್ಷನ್ ನಿಲ್ತಿತ್ತಾ?’ ಎಂದರು ಯಜಮಾನರು, ಉಳಿದ ಉಪ್ಪಿಟ್ಟು ಡಬ್ಬಿಗೆ ಹಾಕುತ್ತಾ.

ಅವರಿಗೆ ಮೌಲ್ಯಮಾಪನದ ಗಂಧಗಾಳಿಯಿಲ್ಲ.

ಫೆಬ್ರವರಿ 8, ಭಾನುವಾರ

ಇವತ್ತೂ ಶಿವಕಿರಣ್ ಇಲ್ಲ. ಬಾಗಿಲು ಒಡೆಯುವವರಿಲ್ಲದ್ದರಿಂದ ಮಿಂಚವ್ವ ಒಬ್ಬಳೇ ಗೋಪುರ ಹತ್ತಿದಳು. ತುದಿಯಲ್ಲಿ ದಾಳ ಕೈಕೊಟ್ಟಿತು. ಬಿದ್ದಳು.

ಜೀವ ಸೊನ್ನೆಗೆ ಬಂದರೆ ಉಸಿರಿನ ದಾಳ ಹಾಕಬೇಕು. ಹತ್ತು ಅಥವಾ ಹೆಚ್ಚು ಬಿದ್ದರೆ ಪಾಸು, ಕಡಿಮೆಯಾದರೆ ಫೇಲು. ಮೊದಲು ಮೂರು ಪಾಸಾದರೆ ಬದುಕು, ಮೂರು ಫೇಲಾದರೆ ಸಾವು. ಬಂಡೆಯಡಿ ಹೂತುಹೋದ ಭೈರನಿಗೆ ಈ ಅವಕಾಶವೂ ಇರಲಿಲ್ಲ. ಹದಿಮೂರು, ಪಾಸು. ಆರು, ಫೇಲು. ಒಂಬತ್ತು, ಫೇಲು. ಹನ್ನೊಂದು, ಪಾಸು. ಕೊನೆಯದೊಂದು ಉಳಿಯಿತು. ಸಮನ್ವಿತಾ ನಗುವುದನ್ನು ಬಿಟ್ಟಿದ್ದಳು.

‘ಅಮ್ಮಾ, ಪರದೆ ತರ್ಲಾ?’ ಎಂದಳು ಲಿಖಿತಾ, ಮೆತ್ತಗೆ.

‘ಏನೂ ಬೇಡ.’

ದಾಳ ಹಾಕಿದೆ. ಅದು ಉರುಳಿ ನಿಲ್ಲುವಷ್ಟರಲ್ಲಿ ಪಕ್ಕದಲ್ಲಿದ್ದ ಬಾಣಲೆಯ ಮುಚ್ಚಳ ತೆಗೆದು ಮುಚ್ಚಿಬಿಟ್ಟೆ. ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

‘ಹೊತ್ತಾಯ್ತು. ಸಮನ್ವಿತಾ ಸಿಲ್ಕ್ ಬೋರ್ಡ್ ಕಡೆ ಹೋಗ್ಬೇಕು, ಟ್ರಾಫಿಕ್ಕಿಗೆ ಸಿಕ್ಕಾಕೋತಾಳೆ. ಉಳಿದಿದ್ದು ಮುಂದಿನ ಸಲ’ ಎಂದೆ. ಆಗ ಗಂಟೆ ನಾಲ್ಕು ಕೂಡ ಆಗಿರಲಿಲ್ಲ.

ಫೆಬ್ರವರಿ 11, ಬುಧವಾರ

ತಟ್ಟೆ, ಮುಚ್ಚಳ ಮೇಜಿನ ಮೇಲೇ ಇವೆ. ಮುಟ್ಟಕೂಡದು ಎಂದು ಎಲ್ಲರಿಗೂ ಹೇಳಿದ್ದೇನೆ. ಮೂವರೂ ಮೇಜಿನ ಒಂದೇ ಮೂಲೆಯಲ್ಲಿ ಮೊಣಕೈ ತಾಗಿಸಿಕೊಂಡು ಉಣ್ಣುತ್ತೇವೆ. ‘ಪಲ್ಯಕ್ಕೆ ಮುಚ್ಚಳ ಇಲ್ಲ, ಮಿಂಚವ್ವನಿಗೆ ಸಮಾಧಿ ಇದೆ’ ಎಂದು ಯಜಮಾನರು ದಿನಕ್ಕೆರಡು ಸಲ ಗೊಣಗುತ್ತಾರೆ.

ಆಸ್ಪತ್ರೆಯಿಂದ ಫೋನ್ ಬಂತು. 19 ಖಾತ್ರಿಯೇ ಎಂದು ಕೇಳಿದರು. ತಿಂಗಳ ಕೊನೆಗೆ ಆಗುತ್ತದೆಯೇ ಎಂದು ಕೇಳಿದೆ. ಲಿಖಿತಾ ಕೈಯಿಂದ ಫೋನ್ ಕಿತ್ತುಕೊಂಡು ‘ಖಾತ್ರಿ’ ಎಂದಳು.

ಫೆಬ್ರವರಿ 15, ಭಾನುವಾರ

ಶಿವರಾತ್ರಿ. ಆಟವಿಲ್ಲ. ಪೂಜೆಗೆ ನೆಲದ ಮೇಲೆ ಕೂರಲಾಗದೆ ಕುರ್ಚಿಯಲ್ಲಿ ಕೂತು ಲಿಂಗಪೂಜೆ ಮಾಡಿದೆ. ಒಂದು ಬಿಲ್ವಪತ್ರೆ ಕೆಳಗೆ ಬಿತ್ತು, ಬಗ್ಗಿ ತೆಗೆಯಲಾಗಲಿಲ್ಲ.

ನನಗೆ ಭಯವಾಗುತ್ತಿದೆ. ಬರೆದೇಬಿಟ್ಟೆ. ಮುಖಕ್ಕೆ ಮಾಸ್ಕ್ ಹಾಕಿದ ಮೇಲೆ ಏಳದೇ ಹೋದರೆ? ಎಂಟು ಸಾವಿರದಲ್ಲಿ ಆ ಒಂದು ಯಾರಿಗೋ ಬೀಳಲೇಬೇಕಲ್ಲ. ಆ ಯಾರೋ ಕೂಡ ಮನೆಯಿಂದ ಹೊರಡುವಾಗ ಗ್ಯಾಸ್ ಆಫ್ ಮಾಡಿ, ಹಾಲಿನವನಿಗೆ ಹೇಳಿಯೇ ಬಂದಿರುತ್ತಾರೆ.

ಫೆಬ್ರವರಿ 16, ಸೋಮವಾರ

ಮಧ್ಯಾಹ್ನ ಒಬ್ಬಳೇ ಇದ್ದಾಗ ಶಿವಕಿರಣ್ ಬಂದ! ಅವರಮ್ಮ ಶಿವರಾತ್ರಿ ತಂಬಿಟ್ಟು ಕಳಿಸಿದ್ದರು. ಯಾಕಪ್ಪ ಆಟಕ್ಕೆ ಬರಲಿಲ್ಲ ಎಂದೆ.

‘ಏನಿಲ್ಲ ಮೇಡಂ. ಹೊಸ ಪಾತ್ರ ಮಾಡೋಕೆ ಕೂತ್ರೆ ಎಲ್ಲಾ ಭೈರನ ಥರಾನೇ ಆಗ್ತಿದೆ. ಸಿಲ್ಲಿ ಅನ್ಸತ್ತೆ, ಅಲ್ವಾ?’

ಅಲ್ಲ ಎಂದೆ. ಅವನು ಮುಚ್ಚಳದ ಕಡೆ ನೋಡಿ, ‘ಇದೇನಾ? ಸಮನ್ವಿತಾ ಹೇಳಿದ್ಲು’ ಎಂದ. ಹೌದು ಎಂದು ಕಾಫಿ ಮಾಡಲು ಒಳಗೆ ಹೋದೆ. ನನ್ನ ನಡಿಗೆಗೆ ಒಂದು ಲೋಟ ಕಾಫಿ ಬರಲು ಕಾಲು ಗಂಟೆ ಬೇಕು. ‘ನಾನು ಮಾಡ್ತೀನಿ ಕೂತ್ಕೊಳ್ಳಿ’ ಎಂದ, ನಾನೇ ಬಿಡಲಿಲ್ಲ. ಕಾಫಿ ಕುಡಿದು, ನಮ್ಮ ನಡುಮನೆಯ ಟೈಲ್ಸ್ ಮೂರು ಕಡೆ ಎದ್ದಿದೆ, ರಿಪೇರಿ ಮಾಡಿಸಿಕೊಡ್ತೀನಿ ಎಂದು ಹೇಳಿ ಹೋದ. ತಂಬಿಟ್ಟಿಗೆ ಬೆಲ್ಲ ಒಂದು ಕೈ ಹೆಚ್ಚಾಗಿತ್ತು, ಚೆನ್ನಾಗಿತ್ತು.

ಫೆಬ್ರವರಿ 18, ಬುಧವಾರ

ನಾಳೆ ಬೆಳಗ್ಗೆ ಆಸ್ಪತ್ರೆ. ‘ಅದಕ್ಕೆ ಮುಂಚೆ ಇದೊಂದು ಮುಗೀಲಿ’ ಎಂದು ಲಿಖಿತಾ ಸಂಜೆ ಎಲ್ಲರನ್ನೂ ಕರೆಸಿದಳು. ಶಿವಕಿರಣನೂ ಬಂದ, ಬರೀ ನೋಡೋಕೆ ಎಂದ. ಯಜಮಾನರು ಕನ್ನಡಕ ಹಾಕಿಕೊಂಡು ನಿಂತರು.

ಮುಚ್ಚಳ ನಾನೇ ತೆಗೆದೆ. ಇಪ್ಪತ್ತು!

ಸಮನ್ವಿತಾ ಕೂಗಿದ ಕೂಗಿಗೆ ಕೆಳಗಿನ ಮನೆಯವರು ಹೊರಗೆ ಬಂದರು. ಇಪ್ಪತ್ತೇ ಬಿದ್ದರೆ ಬರೀ ಬದುಕುವುದಲ್ಲವಂತೆ, ಅಲ್ಲೇ ಎದ್ದು ನಿಲ್ಲಬಹುದಂತೆ. ‘ಮಿಂಚವ್ವ ಎದ್ಲು!’ ಎಂದು ಲಿಖಿತಾ ನನ್ನ ಕುತ್ತಿಗೆಗೆ ಜೋತುಬಿದ್ದಳು. ಯಜಮಾನರು ಮುಚ್ಚಳ ತೆಗೆದುಕೊಂಡು ಅಡುಗೆಮನೆಗೆ ಓಡಿದರು.

ಈಗ ಒಂದು ವಿಷಯ ಬರೆಯಲೇಬೇಕು. ಎಂಟನೇ ತಾರೀಖಿನಂದು ‘ನಾನೂ ನೋಡಲಿಲ್ಲ’ ಎಂದು ಬರೆದದ್ದು ಸುಳ್ಳು. ನೋಡಿದ್ದೆ. ನಾಲ್ಕು ಬಿದ್ದಿತ್ತು. ಮಿಂಚವ್ವ ಸತ್ತಿದ್ದಾಳೆ ಎಂದು ಗೊತ್ತಿದ್ದೂ ಹತ್ತು ದಿನ ಅದೇ ಮೇಜಿನಲ್ಲಿ ಉಂಡೆ, ನನ್ನ ಸ್ವಂತ ಡೈರಿಗೂ ಹೇಳಲಿಲ್ಲ.

ನಾಲ್ಕು ತಾನಾಗಿ ಇಪ್ಪತ್ತಾಗುವುದಿಲ್ಲ. ಲಿಖಿತಾ ಆಗಿದ್ದರೆ ಯಾರಿಗೂ ಅನುಮಾನ ಬರದಂತೆ ಹನ್ನೆರಡು ಇಡುತ್ತಿದ್ದಳು, ಅವಳಿಗೆ ಅಭ್ಯಾಸವಿದೆ. ಯಜಮಾನರಾಗಿದ್ದರೆ ಯಾವ ನಂಬರ್ ಇಡಲಿ ಎಂದು ನನ್ನನ್ನೇ ಕೇಳುತ್ತಿದ್ದರು. ಸುತ್ತ ನೋಡಿದೆ. ಶಿವಕಿರಣ್ ಮಾತ್ರ ನನ್ನ ಕಡೆ ನೋಡದೆ, ನೆಲದ ಟೈಲ್ಸನ್ನು ಬಹಳ ಗಂಭೀರವಾಗಿ ಪರೀಕ್ಷಿಸುತ್ತಿದ್ದ.

ಪರೀಕ್ಷಾ ಕೊಠಡಿಯಲ್ಲಿ ಚೀಟಿ ಕಂಡರೆ ಅಲ್ಲೇ ಕೈ ಹಿಡಿಯುತ್ತಿದ್ದವಳು ನಾನು. ಬಾಯಿ ತೆರೆದೆ.

‘ಇಪ್ಪತ್ತು ಅಂದ್ರೆ ಇಪ್ಪತ್ತೇ. ಮುಂದೆ ನಡೀರಿ’ ಎಂಬ ಮಾತು ಹೊರಗೆ ಬಂತು.

ಫೆಬ್ರವರಿ 19, ಗುರುವಾರ

ಬೆಳಗ್ಗೆ ಆರು. ಚೀಲ ರೆಡಿ. ಗ್ಯಾಸ್ ಆಫ್ ಮಾಡಿದೆ, ಹಾಲಿನವನಿಗೆ ಹೇಳಿದೆ. ದಾಳವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡಿದ್ದೇನೆ, ಆಸ್ಪತ್ರೆಯವರು ಬಿಚ್ಚಿಸುತ್ತಾರೆ, ಗೊತ್ತು. ಭಯ ಇದೆ. ಆದರೂ ಹಸಿವಾಗುತ್ತಿದೆ, ಏನೂ ತಿನ್ನಬಾರದಂತೆ.

ಬಾಗಿಲಲ್ಲಿ ನಿಂತು ಮನೆಗೆ ಹೇಳಿದೆ, ‘ಬರ್ತೀನಿ.’

ಫೆಬ್ರವರಿ 21, ಶನಿವಾರ

ಎದ್ದೆ. ಬರವಣಿಗೆ ಸೊಟ್ಟಗಿದೆ. ಕಣ್ಣು ಬಿಟ್ಟಾಗ ಮೊದಲು ಕಂಡದ್ದು ವಸಿಷ್ಠ ಡಾಕ್ಟರ ಮುಖ. ‘ಆಂಟಿ, ನಿದ್ದೇಲಿ ಇಪ್ಪತ್ತು ಇಪ್ಪತ್ತು ಅಂತಿದ್ರಿ, ಯಾವ ಮಗ್ಗಿ ಅದು?’ ಎಂದರು. ಇವತ್ತು ವಾಕರ್ ಹಿಡಿದು ಹನ್ನೊಂದು ಹೆಜ್ಜೆ ನಡೆದೆ. ನೋವು ವಿಪರೀತ. ಇಡ್ಲಿ ಕಲ್ಲಿನಂತಿದೆ. ಬಹಳ ಸಂತೋಷವಾಗಿದೆ.

ಮಾರ್ಚ್ 1, ಭಾನುವಾರ

ಮನೆಗೆ ಬಂದು ಐದು ದಿನ. ಹದಿನೆಂಟು ಮೆಟ್ಟಿಲನ್ನು ಇಪ್ಪತ್ತು ನಿಮಿಷದಲ್ಲಿ ಹತ್ತಿದ್ದೆ. ಕೊನೆಯ ಮೆಟ್ಟಿಲಲ್ಲಿ ಯಜಮಾನರು ‘ಮಿಂಚವ್ವನಿಗೆ ಜೈ’ ಎಂದು ಕೂಗಿ ಬೀದಿಗೆಲ್ಲ ಕೇಳಿಸಿದ್ದರು.

ಇವತ್ತು ಆಟ. ಶಿವಕಿರಣನನ್ನು ನಾನೇ ಫೋನ್ ಮಾಡಿ ಕರೆಸಿದೆ, ಹಳೆಯ ಹಾಳೆ ತಗೊಂಡು ಬಾ ಎಂದೆ. ಅದಿನ್ನೂ ಅವನ ಪರ್ಸಿನಲ್ಲೇ ಇತ್ತು, ನಾಲ್ಕು ಮಡಿಕೆ. ಮೇಜಿನ ಮೇಲೆ ಬಿಡಿಸಿ, ಕೆಂಪು ಪೆನ್ನು ತೆಗೆದುಕೊಂಡೆ.

‘ಕಡಗಕ್ಕೆ ಎಷ್ಟು ಅಂಕ ಹಾಕಿದೀಯ?’

‘ಯಾವ ಕಡಗ ಮೇಡಂ?’

‘ತಾಮ್ರದ್ದು. ಅಜ್ಜಿ ಕೊಟ್ಟಿದ್ದು, ಜನವರಿ ಹದಿನೆಂಟು. ನನ್ನ ಹತ್ರ ದಾಖಲೆ ಇದೆ.’

ಲಿಖಿತಾ ನಡುವೆ ಬಂದಳು. ‘ಅಮ್ಮಾ, ಅದಕ್ಕೆ ಅಂಕ ಇಲ್ಲ. ಅದು ಸುಮ್ನೆ ಅಲಂಕಾರಕ್ಕೆ ಕೊಟ್ಟಿದ್ದು.’

‘ಲೋಹ ಹೌದೋ ಅಲ್ವೋ? ಮಣಿಕಟ್ಟು ಮುಚ್ಚತ್ತೋ ಇಲ್ವೋ? ಮುಚ್ಚಿದ ಮೇಲೆ ರಕ್ಷಣೆ ಒಂದಂಕ. ಹದಿನೇಳು ಮತ್ತು ಒಂದು ಹದಿನೆಂಟು. ರಾಕ್ಷಸನಿಗೆ ಬಿದ್ದಿದ್ದು ಹದಿನೇಳು. ಏಟು ತಾಗೇ ಇಲ್ಲ. ಇವನು ಬಂಡೆ ಕೆಳಗೆ ಸಿಕ್ಕಾಕೊಂಡಿದಾನೆ ಅಷ್ಟೇ, ಒಂದು ತಿಂಗಳಿಂದ ಉಪವಾಸ ಇದಾನೆ, ಪಾಪ. ಸಾಯೋವಾಗಲೇ ಹೇಳಿದಾನಲ್ಲ, ಬರ್ತೀನಿ ಅಂತ? ಹೋಗ್ತೀನಿ ಅಂದ್ನಾ?’

ಲಿಖಿತಾ ಹಾಳೆಯನ್ನು ನನ್ನ ಕಡೆಗೆ ಸರಿಸಿದಳು. ಹದಿನೇಳಕ್ಕೆ ಅಡ್ಡಗೆರೆ ಎಳೆದು ಹದಿನೆಂಟು ಬರೆದೆ, ಪಕ್ಕದಲ್ಲಿ ಸಹಿ ಹಾಕಿ ತಾರೀಖು ಹಾಕಿದೆ. ಆರಡಿ ಆಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ.

‘ಮೇಡಂ, ಆ ಇಪ್ಪತ್ತು...’ ಎಂದು ಶುರುಮಾಡಿದ.

‘ಉಪ್ಪಿಟ್ಟು ತಣ್ಣಗಾಗತ್ತೆ, ತಿನ್ನು’ ಎಂದೆ.

ಎರಡು ತಟ್ಟೆ ತಿಂದ. ಭೈರ ಬಂಡೆ ಸರಿಸಿ ಎದ್ದು ಬಂದ, ಮಿಂಚವ್ವ ಗೋಪುರದಿಂದ ಹಗ್ಗ ಇಳಿಬಿಟ್ಟಳು. ಸಂಜೆಯವರೆಗೂ ಆಡಿದೆವು.

ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ: ಇದು ಗ್ರೇಸ್ ಮಾರ್ಕ್ಸ್ ಅಲ್ಲ. ಕೂಡುವುದರಲ್ಲಿ ತಪ್ಪಾಗಿತ್ತು, ಸರಿಪಡಿಸಿದೆ. ಮೂವತ್ತೊಂದು ವರ್ಷದಲ್ಲಿ ನಾನು ಯಾರಿಗೂ ಗ್ರೇಸ್ ಕೊಟ್ಟವಳಲ್ಲ.